ಅಂಕಿತನಾಮ ರೂಢನಾಮವಾದಾಗ: ಬ್ರ್ಯಾಂಡ್ ಹೆಸರು ಕೈತಪ್ಪುವುದಕ್ಕೆ ಹೊಣೆ ಯಾರು?

ಪದಜಾಡು

ಎಸ್ಕಲೇಟರ್, ಸೆಲೋಫೇನ್, ಆಸ್ಪಿರಿನ್, ಥರ್ಮಸ್, ಕೆರೋಸಿನ್. ಇವೆಲ್ಲ ಒಂದು ಕಾಲಕ್ಕೆ ಒಬ್ಬರಿಗೆ ಮಾತ್ರ ಸೇರಿದ್ದ ಹೆಸರುಗಳು. ಅಂಕಿತನಾಮಗಳಾಗಿ ಹುಟ್ಟಿ, ಹಲವು ದೇಶಗಳಲ್ಲಿ ರೂಢನಾಮಗಳಾಗಿಬಿಟ್ಟವು. ಆಮೇಲೆ ಪ್ರತಿಸ್ಪರ್ಧಿಗಳೂ ತಮ್ಮ ಡಬ್ಬದ ಮೇಲೆ ಅದೇ ಪದವನ್ನು ಅಚ್ಚು ಹಾಕಿಕೊಂಡರು.

ಈ ವಿಷಯ ಬಂದಾಗಲೆಲ್ಲ ಒಂದೇ ವಿವರಣೆ ಕೇಳಿಬರುತ್ತದೆ: ಹೆಸರು ಅತಿಯಾಗಿ ಜನಪ್ರಿಯವಾಯಿತು, ಜನ ಬೇಕಾಬಿಟ್ಟಿ ಬಳಸಿದರು, ಕಂಪನಿ ಪಾಪ ಕಳೆದುಕೊಂಡಿತು. ತೀರ್ಪುಗಳನ್ನು ಓದುತ್ತ ಹೋದಂತೆ ನನಗೆ ಇದರ ಮೇಲಿದ್ದ ನಂಬಿಕೆ ಹೊರಟುಹೋಗಿದೆ. ಬಹುಪಾಲು ಪ್ರಕರಣಗಳಲ್ಲಿ ಬೀಜ ಬಿತ್ತಿದವರು ಹೆಸರಿನ ಒಡೆಯರೇ.

ಎಸ್ಕಲೇಟರನ್ನೇ ನೋಡಿ. ಚಾರ್ಲ್ಸ್ ಸೀಬರ್ಗರ್ ಕಟ್ಟಿದ ಪದ ಅದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಯಂತ್ರ ಲೋಕದ ಕಣ್ಣಿಗೆ ಬಿತ್ತು, ಹೆಸರು ಓಟಿಸ್ ಕಂಪನಿಯ ಸ್ವತ್ತಾಯಿತು. 1950ರಲ್ಲಿ ಅಮೆರಿಕದ ಪೇಟೆಂಟ್ ಆಯುಕ್ತರು ಆ ನೋಂದಣಿಯನ್ನು ರದ್ದುಮಾಡಿದರು. ಆಧಾರ ಯಾವುದು? ಓಟಿಸ್‌ನ ಸ್ವಂತ ಕಾಗದಪತ್ರ! ಅದರ ಜಾಹೀರಾತುಗಳಲ್ಲಿ ‘ಓಟಿಸ್’ ಎಂಬುದು ಬ್ರ್ಯಾಂಡ್. ‘ಎಲಿವೇಟರ್’, ‘ಎಸ್ಕಲೇಟರ್’ ಎರಡೂ ಪಕ್ಕಪಕ್ಕದಲ್ಲಿ ನಿಂತ ಯಂತ್ರದ ಹೆಸರುಗಳು. ಪೇಟೆಂಟ್ ಅರ್ಜಿಗಳಲ್ಲೂ ಅದೇ ರೀತಿ. ಎಲಿವೇಟರ್ ಎಲ್ಲರ ಪದ ಎಂದಮೇಲೆ ಅದರ ಜೊತೆ ಕೂರಿಸಿದ ಎಸ್ಕಲೇಟರ್ ಮಾತ್ರ ಒಬ್ಬರದು ಹೇಗಾಗುತ್ತದೆ?

ಹೊಸ ವಸ್ತುವೊಂದನ್ನು ಲೋಕಕ್ಕೆ ಕೊಡುವಾಗ ಎರಡು ಹೆಸರು ಬೇಕು: ವಸ್ತುವಿಗೆ ಒಂದು, ತಯಾರಕನಿಗೆ ಒಂದು. ಒಂದೇ ಹೆಸರು ಕೊಟ್ಟರೆ ಜನ ಅದನ್ನು ವಸ್ತುವಿಗೇ ಇಟ್ಟುಕೊಳ್ಳುತ್ತಾರೆ, ಅವರಿಗೆ ಬೇರೆ ದಾರಿಯೇ ಇಲ್ಲ. ಇದು ನನ್ನ ವಾದ. ಒಪ್ಪದವರು ದಯವಿಟ್ಟು ಪ್ರಕರಣಗಳನ್ನು ಮುಂದಿಟ್ಟು ಮಾತಾಡಿ.

ನೋಂದಣಿ ಪುಸ್ತಕ

ಟ್ರೇಡ್‌ಮಾರ್ಕ್ ಕಾನೂನನ್ನು ಓದಿ, ಅದರಲ್ಲೇ ಕೆಲಸ ಮಾಡುವವಳಾಗಿ ಹೇಳುತ್ತೇನೆ. ವಾದದ ತಿರುಳು ಸರಿ. ಆದರೆ ಅಮೆರಿಕದ ಕಾನೂನು ‘ತಪ್ಪು ಯಾರದು’ ಎಂದು ಕೇಳುವುದೇ ಇಲ್ಲ. ಅದು ಕೇಳುವುದು ಕೊಳ್ಳುವವರ ಮನಸ್ಸಿನಲ್ಲಿ ಈ ಪದಕ್ಕೆ ಏನು ಅರ್ಥವಿದೆ ಎಂದು. ‘ಇದು ಏನು?’ ಎಂಬುದಕ್ಕೆ ಪದ ಉತ್ತರವಾದರೆ ಅದು ಸಾಮಾನ್ಯ ಹೆಸರು. ‘ಇದು ಯಾರದು?’ ಎಂಬುದಕ್ಕೆ ಉತ್ತರವಾದರೆ ಟ್ರೇಡ್‌ಮಾರ್ಕ್. ಒಡೆಯ ಎಷ್ಟೇ ಎಚ್ಚರದಿಂದಿದ್ದರೂ ಜನರ ಮನಸ್ಸಿನಲ್ಲಿ ಮೊದಲನೆಯ ಅರ್ಥ ನೆಲೆಯೂರಿದರೆ ಹೆಸರು ಹೋದಂತೆಯೇ.

ಇದನ್ನು ಇಷ್ಟು ಸ್ಪಷ್ಟವಾಗಿ ಕಾಣಿಸಿದ್ದು 1921ರ ಆಸ್ಪಿರಿನ್ ತೀರ್ಪು. ಬರೆದವರು ನ್ಯಾಯಾಧೀಶ ಲರ್ನೆಡ್ ಹ್ಯಾಂಡ್. ಹಿನ್ನೆಲೆ ಹೀಗಿದೆ: ಬೇಯರ್ 1899ರಲ್ಲಿ ಜರ್ಮನಿಯಲ್ಲಿ ಹೆಸರನ್ನು ನೋಂದಾಯಿಸಿತು. ಅಮೆರಿಕದ ಪೇಟೆಂಟ್ 1917ರಲ್ಲಿ ಮುಗಿಯಿತು. ಪೇಟೆಂಟ್ ಇದ್ದಷ್ಟು ಕಾಲವೂ ಔಷಧವನ್ನು ಬೇರೆ ಯಾರೂ ತಯಾರಿಸುವಂತಿರಲಿಲ್ಲ, ಹಾಗಾಗಿ ಸಾಮಾನ್ಯ ಜನರಿಗೆ ಆ ಮದ್ದಿಗೆ ಗೊತ್ತಿದ್ದ ಹೆಸರು ಒಂದೇ. ರಸಾಯನಶಾಸ್ತ್ರದ ಹೆಸರು ‘ಅಸಿಟೈಲ್ ಸ್ಯಾಲಿಸಿಲಿಕ್ ಆಸಿಡ್’. ತಲೆನೋವಿನಲ್ಲಿರುವ ಯಾರು ಅದನ್ನು ಹೇಳಿ ಮಾತ್ರೆ ಕೇಳುತ್ತಾರೆ?

ಹ್ಯಾಂಡ್ ಅವರು ಮಾರುಕಟ್ಟೆಯನ್ನು ಎರಡಾಗಿ ಸೀಳಿದರು. ವೈದ್ಯರು, ಔಷಧ ವ್ಯಾಪಾರಿಗಳು, ತಯಾರಕರಿಗೆ ರಾಸಾಯನಿಕ ಹೆಸರು ಗೊತ್ತು, ಆದ್ದರಿಂದ ಅವರ ನಡುವಿನ ವ್ಯವಹಾರದಲ್ಲಿ ಆಸ್ಪಿರಿನ್ ಬೇಯರ್‌ನದೇ. ಸಾಮಾನ್ಯ ಗ್ರಾಹಕರಿಗೆ ಅದು ಮದ್ದಿನ ಹೆಸರು, ಅಲ್ಲಿ ಎಲ್ಲರಿಗೂ ಮುಕ್ತ. ಒಂದೇ ಪದ ಒಬ್ಬರ ಕಿವಿಯಲ್ಲಿ ಅಂಕಿತನಾಮ, ಇನ್ನೊಬ್ಬರ ಕಿವಿಯಲ್ಲಿ ರೂಢನಾಮ. ಇಂಥ ಸೂಕ್ಷ್ಮ ಇರುವ ತೀರ್ಪನ್ನು ನಾನು ಬೇರೆ ಹೆಚ್ಚು ಓದಿಲ್ಲ.

ಪದಜಾಡು ಅವರ ವಾದಕ್ಕೆ ಪುಷ್ಟಿ ಕೊಡುವ ಒಂದು ವಿವರ ಅದರಲ್ಲೇ ಇದೆ. 1915ರ ನಂತರ ಬೇಯರ್ ತನ್ನ ಪೊಟ್ಟಣದ ಮೇಲೆ ‘ಬೇಯರ್ – ಆಸ್ಪಿರಿನ್‌ನ ಮಾತ್ರೆಗಳು’ ಎಂಬರ್ಥದ ಸಾಲು ಹಾಕತೊಡಗಿತು. ಅಂದರೆ ಆಸ್ಪಿರಿನ್ ಎಂಬುದೊಂದು ಮದ್ದು, ಇದು ಬೇಯರ್ ತಯಾರಿಸಿದ್ದು. ಪದಕ್ಕೆ ಬಂದ ಹೊಸ ಅರ್ಥವನ್ನು ಕಂಪನಿಯೇ ಒಪ್ಪಿಕೊಂಡಿದೆ ಎಂಬುದಕ್ಕೆ ನ್ಯಾಯಾಧೀಶರು ಇದನ್ನು ಸಾಕ್ಷಿಯಾಗಿ ತೆಗೆದುಕೊಂಡರು.

ಮರಳಿಬಂದೆ

ಹಾಗಾದರೆ ‘ಗೂಗಲ್ ಮಾಡು’ ಎಂದು ಲೋಕವೇ ಹೇಳುತ್ತಿದೆಯಲ್ಲ, ಆ ಹೆಸರು ಇನ್ನೂ ಹೇಗೆ ಉಳಿದಿದೆ? ಕ್ರಿಯಾಪದವಾದರೆ ಕಥೆ ಮುಗಿಯಿತು ಎಂದು ಎಲ್ಲೋ ಓದಿದ್ದೆ.

ನೋಂದಣಿ ಪುಸ್ತಕ

ಅದು ಸುಲಭವಾಗಿ ಹಬ್ಬಿರುವ ತಪ್ಪು ತಿಳಿವಳಿಕೆ. ಅಮೆರಿಕದ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಇದನ್ನೇ ಇತ್ಯರ್ಥ ಮಾಡಿತು. ಪದ ಕ್ರಿಯಾಪದವಾಗಿ ಬಳಕೆಯಾದ ಮಾತ್ರಕ್ಕೆ ಟ್ರೇಡ್‌ಮಾರ್ಕ್ ಸಾಯುವುದಿಲ್ಲ. ‘ಗೂಗಲ್ ಮಾಡಿದೆ’ ಎನ್ನುವವರು ಆ ಒಂದು ಹುಡುಕುಯಂತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡಿರಬಹುದು. ಯಾವ ಯಂತ್ರವಾದರೂ ಸರಿ ಎಂಬ ಅರ್ಥದಲ್ಲೂ ಹೇಳಿರಬಹುದು. ಕ್ರಿಯಾಪದದ ರೂಪ ನೋಡಿ ಇದು ತಿಳಿಯುವುದಿಲ್ಲ. ನ್ಯಾಯಾಲಯ ಕೇಳಿದ್ದು: ‘ಹುಡುಕುಯಂತ್ರ’ ಎಂಬ ಇಡೀ ವರ್ಗಕ್ಕೆ ಜನ ಗೂಗಲ್ ಎನ್ನುತ್ತಾರೆಯೇ? ಕಂಪನಿ ಸಲ್ಲಿಸಿದ ಸಮೀಕ್ಷೆಯಲ್ಲಿ ಶೇ. 93ರಷ್ಟು ಜನ ಅದನ್ನು ಬ್ರ್ಯಾಂಡ್ ಎಂದೇ ಗುರುತಿಸಿದ್ದರು.

‘ಹುಡುಕುಯಂತ್ರ’ ಎಂಬ ಸಾಮಾನ್ಯ ಹೆಸರು ಗೂಗಲ್ ಹುಟ್ಟುವ ಮೊದಲೇ ಬಳಕೆಯಲ್ಲಿತ್ತು. ಅದೇ ಅದನ್ನು ಕಾಪಾಡಿದೆ.

ಲೆಕ್ಕದ ಕಣ್ಣು

ಸಮೀಕ್ಷೆಯ ಮಾತು ಬಂದದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಸಮೀಕ್ಷೆ ರೂಪಿಸುವುದು ನನ್ನ ವೃತ್ತಿ, ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ಓದದವರಿಗೆ ವಿಷಯದ ಅರ್ಧ ಭಾಗ ತಪ್ಪಿಹೋಗುತ್ತದೆ ಎಂದು ನನಗನಿಸುತ್ತದೆ.

ಮೊದಲನೆಯದು ಥರ್ಮಸ್, ತೀರ್ಪು 1963ರದು. ನಿರ್ವಾತ ಫ್ಲಾಸ್ಕನ್ನು ರೂಪಿಸಿದವರು ವಿಜ್ಞಾನಿ ಜೇಮ್ಸ್ ದಿವಾರ್, 1892ರಲ್ಲಿ. ಹೆಸರು ಕೊಟ್ಟು ಮಾರಾಟಕ್ಕಿಳಿದದ್ದು 1904ರಲ್ಲಿ ಒಂದು ಜರ್ಮನ್ ಕಂಪನಿ. ಅಮೆರಿಕದಲ್ಲಿ ಪ್ರತಿಸ್ಪರ್ಧಿ ಅಲಾದ್ದೀನ್ ಕಂಪನಿ ಆ ಪದ ಎಲ್ಲರದು ಎಂದಾಗ ಮೊಕದ್ದಮೆ ಶುರುವಾಯಿತು. ಸಮೀಕ್ಷಕರು ಜನರಿಗೆ ವಸ್ತುವಿನ ವರ್ಣನೆ ಕೊಟ್ಟರು: ಬಿಸಿಯನ್ನು ಬಿಸಿಯಾಗಿ, ತಣ್ಣಗಿನದನ್ನು ತಣ್ಣಗೆ ಇಡುವ ಪಾತ್ರೆ. ಅದನ್ನು ಏನೆಂದು ಕರೆಯುತ್ತೀರಿ? ಅಂಥ ಪಾತ್ರೆಯ ಪರಿಚಯವಿದ್ದ ವಯಸ್ಕರಲ್ಲಿ ಸುಮಾರು ಶೇ. 75 ಜನ ‘ಥರ್ಮಸ್’ ಎಂದರು. ಅದು ಟ್ರೇಡ್‌ಮಾರ್ಕ್ ಕೂಡ ಹೌದು ಎಂದು ಗೊತ್ತಿದ್ದವರು ಸುಮಾರು ಶೇ. 12 ಮಾತ್ರ.

ಎರಡನೆಯದು ಟೆಫ್ಲಾನ್, ಅಂದರೆ ಅಡುಗೆ ತಳ ಹಿಡಿಯದಂತೆ ಪಾತ್ರೆಗೆ ಹಚ್ಚುವ ಲೇಪ, 1975. ಇಲ್ಲಿ ಡುಪಾಂಟ್ ಕಂಪನಿಯ ಸಮೀಕ್ಷಕರು ಬೇರೆ ದಾರಿ ಹಿಡಿದರು. ಮೊದಲು ‘ಷೆವ್ರೊಲೆ’ ಬ್ರ್ಯಾಂಡ್ ಹೆಸರು, ‘ಆಟೊಮೊಬೈಲ್’ ಸಾಮಾನ್ಯ ಹೆಸರು ಎಂದು ವ್ಯತ್ಯಾಸ ಕಲಿಸಿದರು. ಆಮೇಲೆ ಒಂದೊಂದೇ ಪದ ಹೇಳಿ, ಇದು ಯಾವ ಗುಂಪಿಗೆ ಸೇರುತ್ತದೆ ಎಂದು ಕೇಳಿದರು. ಟೆಫ್ಲಾನ್ ಬ್ರ್ಯಾಂಡ್ ಎಂದವರು ಶೇ. 68, ಸಾಮಾನ್ಯ ಪದ ಎಂದವರು ಶೇ. 31. ಹೆಸರು ಉಳಿಯಿತು. ಅಂದಿನಿಂದ ಅಮೆರಿಕದಲ್ಲಿ ಇಂಥ ವ್ಯಾಜ್ಯಗಳಿಗೆ ಆ ಮಾದರಿಯೇ ಮೇಲ್ಪಂಕ್ತಿ. ಮೇಲೆ ಹೇಳಿದ ಗೂಗಲ್ ಸಮೀಕ್ಷೆಯೂ ಅದೇ ಬಗೆಯದು.

ನನ್ನ ಅಭಿಪ್ರಾಯದಲ್ಲಿ ಥರ್ಮಸ್ ಸಮೀಕ್ಷೆಯ ಆ ಶೇ. 75 ಏನನ್ನೂ ಸಾಬೀತುಮಾಡುವುದಿಲ್ಲ. ಒಂದು ವಸ್ತುವಿನ ಹೆಸರು ಕೇಳಿದಾಗ ನಾಲಿಗೆಗೆ ಮೊದಲು ಬರುವುದು ಅತಿ ಪ್ರಸಿದ್ಧ ಬ್ರ್ಯಾಂಡೇ, ಅದು ಬ್ರ್ಯಾಂಡ್ ಎಂದು ಗೊತ್ತಿದ್ದರೂ ಸಹ. ಪ್ರಸಿದ್ಧಿಯನ್ನು ಅಳೆದು ಅದನ್ನೇ ಸಾವಿನ ಪುರಾವೆಯಾಗಿ ತೋರಿಸಿದಂತಾಯಿತು. ಆದರೆ ಶೇ. 12 ಎಂಬ ಇನ್ನೊಂದು ಸಂಖ್ಯೆ ಭಾರವಾದದ್ದು. ಅದನ್ನು ಯಾರೂ ತಳ್ಳಿಹಾಕಲಾರರು.

ಪದಜಾಡು

ಲೆಕ್ಕದ ಕಣ್ಣು ಅವರಿಗೆ ಕೃತಜ್ಞತೆಗಳು. ಥರ್ಮಸ್ ಕಂಪನಿ 1907ರಿಂದ 1923ರವರೆಗೆ ಜಾಹೀರಾತಿಗೆ ಹಣ ಸುರಿದದ್ದೇ ‘ಥರ್ಮಸ್ ಎಂಬುದು ಮನೆಮಾತು’ ಎಂದು ಸಾರುವುದಕ್ಕೆ. ಅಪಾಯ ಕಂಡಮೇಲೆ ‘ವ್ಯಾಕ್ಯೂಮ್’ ಎಂಬ ಪದವನ್ನು ಪಕ್ಕಕ್ಕೆ ಸೇರಿಸಿತು. ಅಷ್ಟರಲ್ಲಿ ಮನೆಮಾತು ನಿಜಕ್ಕೂ ಮನೆಮಾತಾಗಿತ್ತು.

ತೀರ್ಪಿನ ಕೊನೆಯ ಭಾಗ ನನಗೆ ತುಂಬ ಇಷ್ಟ. ಅಲಾದ್ದೀನ್ ಆ ಪದವನ್ನು ಬಳಸಬಹುದು, ಆದರೆ ಮೊದಲ ಅಕ್ಷರ ಚಿಕ್ಕದಿರಬೇಕು, ಪದಕ್ಕೆ ಮೊದಲು ತನ್ನ ಹೆಸರು ಇರಲೇಬೇಕು, ‘ಅಸಲಿ’ ಎಂದು ಹೇಳಿಕೊಳ್ಳುವಂತಿಲ್ಲ. ದೊಡ್ಡ ಅಕ್ಷರದ ಥರ್ಮಸ್ ಮೂಲ ಕಂಪನಿಗೇ ಉಳಿಯಿತು. ಶೇ. 12 ಜನರ ತಿಳಿವಳಿಕೆಗೂ ನ್ಯಾಯಾಲಯ ಬೆಲೆ ಕೊಟ್ಟಿತು.

ಜಾಹೀರಾತು ಮಂದಿ

ಇಲ್ಲಿ ಎಲ್ಲರೂ ಕಂಪನಿಗಳ ಮೇಲೆ ತುಸು ಕಠಿಣವಾಗಿದ್ದೀರಿ ಅನಿಸುತ್ತದೆ. ಹೆಸರೊಂದನ್ನು ಜನರ ಬಾಯಿಗೆ ತರಲು ದಶಕಗಳ ದುಡಿಮೆ ಬೇಕು. ಯಶಸ್ವಿಯಾದ ಮರುಗಳಿಗೆಯೇ ‘ಇನ್ನು ಇದು ನಿನ್ನದಲ್ಲ’ ಎನ್ನುವುದು ಯಾವ ನ್ಯಾಯ? ಹೆಸರು ಹೋದರೆ ನಷ್ಟ ಕಂಪನಿಗೆ ಮಾತ್ರವಲ್ಲ. ಆ ಹೆಸರು ನಂಬಿ ಕೊಳ್ಳುವವನಿಗೆ ಯಾವ ಗುಣಮಟ್ಟ ಸಿಗುತ್ತದೆ ಎಂಬ ಖಾತರಿಯೂ ಹೋಗುತ್ತದೆ.

ಒಡೆಯರು ಸುಮ್ಮನೆ ಕೂತಿಲ್ಲ ಎಂಬುದನ್ನೂ ಗಮನಿಸಿ. ಬ್ಯಾಂಡ್-ಏಡ್ ತನ್ನ ಜಾಹೀರಾತಿನ ಹಾಡಿನಲ್ಲೇ ಹೆಸರಿನ ಪಕ್ಕ ‘ಬ್ರ್ಯಾಂಡ್’ ಎಂಬ ಪದ ಸೇರಿಸಿತು. ಜೆರಾಕ್ಸ್ ತನ್ನ ಹೆಸರನ್ನು ‘ನಕಲು’ ಎಂಬ ಅರ್ಥದಲ್ಲಿ ಬಳಸಬೇಡಿ ಎಂದು ಬಿನ್ನವಿಸಿಕೊಳ್ಳುವುದಕ್ಕೆಂದೇ ವರ್ಷಗಟ್ಟಲೆ ಜಾಹೀರಾತು ಕೊಟ್ಟಿತು. ವೆಲ್ಕ್ರೊ 2017ರಲ್ಲಿ ವಿಡಿಯೊ ಮಾಡಿ, ನಮ್ಮದಲ್ಲದ್ದನ್ನು ‘ಹುಕ್ ಅಂಡ್ ಲೂಪ್’ ಎನ್ನಿ ಎಂದು ಕೇಳಿಕೊಂಡಿತು.

ಪದಜಾಡು

ವೆಲ್ಕ್ರೊ ಉದಾಹರಣೆ ನನ್ನ ವಾದಕ್ಕೇ ಸಾಕ್ಷಿ ಅಲ್ಲವೇ? ಸ್ವಿಸ್ ಎಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ ಅವರ ಪೇಟೆಂಟ್ 1978ರಲ್ಲಿ ಮುಗಿಯಿತು. ಅಷ್ಟು ವರ್ಷಗಳ ಮೇಲೆ ಜನರಿಗೆ ಹೊಸದಾಗಿ ‘ಹುಕ್ ಅಂಡ್ ಲೂಪ್’ ಕಲಿಸಲು ಹೊರಟರೆ ಯಾರ ನಾಲಿಗೆ ಹೊರಳುತ್ತದೆ? ಈ ಹೆಸರು ಮೊದಲ ದಿನದಿಂದಲೇ ಪೊಟ್ಟಣದ ಮೇಲೆ ಇರಬೇಕಿತ್ತು.

ನ್ಯಾಯದ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದು ನಿಜವಾದ ಪ್ರಶ್ನೆ. ಪೇಟೆಂಟ್ ಒಂದು ಒಪ್ಪಂದ. ಇಂತಿಷ್ಟು ವರ್ಷ ನೀನೊಬ್ಬನೇ ಮಾಡು, ಆಮೇಲೆ ಎಲ್ಲರೂ ಮಾಡಲಿ. ಆ ಅವಧಿಯಲ್ಲಿ ವಸ್ತುವಿಗೆ ಒಂದೇ ಹೆಸರು ಬಿದ್ದಿದ್ದು, ಪೇಟೆಂಟ್ ಮುಗಿದ ಮೇಲೂ ಆ ಹೆಸರಿಗೆ ಬೀಗ ಹಾಕಿದರೆ ಏನಾಗುತ್ತದೆ? ಪ್ರತಿಸ್ಪರ್ಧಿ ವಸ್ತುವನ್ನು ತಯಾರಿಸಬಹುದು, ಅದು ಏನೆಂದು ಹೇಳುವಂತಿಲ್ಲ. ಎಂದೋ ಮುಗಿದ ಏಕಸ್ವಾಮ್ಯ ಹೆಸರಿನ ರೂಪದಲ್ಲಿ ಬದುಕಿರುತ್ತದೆ.

ಇಂಗ್ಲೆಂಡಿನ ನ್ಯಾಯಾಲಯ 1878ರಲ್ಲೇ ಇದನ್ನು ಕಂಡಿತ್ತು. ನೆಲಕ್ಕೆ ಹಾಸುವ ಲಿನೋಲಿಯಂ ಫ್ರೆಡರಿಕ್ ವಾಲ್ಟನ್ ಅವರ ಸೃಷ್ಟಿ, ಹೆಸರೂ ಅವರದೇ. ಪೇಟೆಂಟ್ ಮುಗಿದಮೇಲೆ ಬೇರೆಯವರು ಆ ಹೆಸರು ಹಾಕಿದಾಗ ತಡೆಯಲಾಗಲಿಲ್ಲ, ಏಕೆಂದರೆ ಆ ವಸ್ತುವಿಗೆ ಇನ್ನೊಂದು ಹೆಸರೇ ಇರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1938ರಲ್ಲಿ ‘ಶ್ರೆಡೆಡ್ ವೀಟ್’ ಎಂಬ ಗೋಧಿ ತಿನಿಸಿನ ಕುರಿತು ಕೆಲಾಗ್ ಕಂಪನಿಯ ಪರವಾಗಿ ಹೇಳಿದ್ದೂ ಇದನ್ನೇ. ಎರಡು ವರ್ಷ ಮೊದಲು, 1936ರಲ್ಲಿ, ಸೆಲೋಫೇನ್ ಕೂಡ ಹೀಗೆಯೇ ಡುಪಾಂಟ್ ಕೈಬಿಟ್ಟುಹೋಗಿತ್ತು.

ದುಡಿಮೆಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ದುಡಿದವರ ಹೆಸರು ಅವರದೇ: ಬೇಯರ್ ಇಂದಿಗೂ ಬೇಯರ್, ಓಟಿಸ್ ಇಂದಿಗೂ ಓಟಿಸ್. ವಸ್ತುವಿನ ಹೆಸರನ್ನೂ ಇಟ್ಟುಕೊಳ್ಳುತ್ತೇವೆ ಎಂದಾಗ ಮಾತ್ರ ಅದು ಉಳಿದವರ ಬಾಯಿ ಕಟ್ಟಿದಂತೆ.

ಅಕಾರಾದಿ

ನಿಘಂಟಿನ ಕೆಲಸ ಮಾಡುವವಳು ನಾನು. ನಮ್ಮಂಥವರಿಗೆ ಇದು ದಿನನಿತ್ಯದ ಸಂಕಟ. ಒಂದು ಪದ ಬಳಕೆಯಲ್ಲಿದೆ ಎಂದರೆ ದಾಖಲಿಸಬೇಕು, ಅದೇ ನಮ್ಮ ಧರ್ಮ. ಆದರೆ ನಾವು ದಾಖಲಿಸಿದ್ದನ್ನೇ ನಾಳೆ ಯಾರೋ ನ್ಯಾಯಾಲಯದಲ್ಲಿ ‘ನೋಡಿ, ನಿಘಂಟಿನಲ್ಲೇ ಸಾಮಾನ್ಯ ಪದವೆಂದಿದೆ’ ಎಂದು ಎತ್ತಿ ತೋರಿಸುತ್ತಾರೆ. ಆ ಭಯದಿಂದ ಒಡೆಯರು ನಮಗೆ ಪತ್ರ ಬರೆಯುತ್ತಾರೆ.

ಸ್ವೀಡನ್ನಿನಲ್ಲಿ ನಡೆದದ್ದು ನೆನಪಿರಬಹುದು. ಅಲ್ಲಿನ ಭಾಷಾ ಮಂಡಳಿ ಹೊಸ ಪದಗಳ ಪಟ್ಟಿಯಲ್ಲಿ ‘ಯಾವ ಹುಡುಕುಯಂತ್ರದಲ್ಲೂ ಸಿಗದ್ದು’ ಎಂಬರ್ಥದ ‘ಊಗೂಗಲ್‌ಬಾರ್’ ಸೇರಿಸಿತು. ಅರ್ಥವನ್ನು ತನ್ನ ಯಂತ್ರಕ್ಕೆ ಸೀಮಿತಗೊಳಿಸಿ ಎಂದು ಗೂಗಲ್ ಕೇಳಿತು. ಜನ ಬಳಸದ ಅರ್ಥವನ್ನು ಬರೆಯಲು ಮಂಡಳಿ ಒಪ್ಪಲಿಲ್ಲ. 2013ರಲ್ಲಿ ಆ ಪದವನ್ನೇ ಪಟ್ಟಿಯಿಂದ ತೆಗೆದು, ಕಾರಣವನ್ನು ಬಹಿರಂಗವಾಗಿ ಹೇಳಿತು. ನನ್ನ ಮಟ್ಟಿಗೆ ಅದು ಗೌರವದ ನಡೆ. ಸುಳ್ಳು ಅರ್ಥ ಅಚ್ಚಾಗುವುದಕ್ಕಿಂತ ಖಾಲಿ ಜಾಗ ಮೇಲು.

ಐರೋಪ್ಯ ಒಕ್ಕೂಟದ 2015ರ ನಿರ್ದೇಶನದಲ್ಲಿ ಇದಕ್ಕೊಂದು ಮಧ್ಯಮ ಮಾರ್ಗವಿದೆ. ನೋಂದಾಯಿತ ಹೆಸರು ಸಾಮಾನ್ಯ ಪದವೆಂಬ ಭಾವನೆ ಬರುವಂತೆ ನಿಘಂಟಿನಲ್ಲಿ ಬಂದರೆ, ‘ಇದು ನೋಂದಾಯಿತ ಟ್ರೇಡ್‌ಮಾರ್ಕ್’ ಎಂದು ಸೂಚಿಸುವಂತೆ ಒಡೆಯ ಕೇಳಬಹುದು. ಪದ ತೆಗೆಯಿರಿ, ಅರ್ಥ ತಿದ್ದಿ ಎನ್ನುವ ಹಕ್ಕು ಅದರಲ್ಲಿಲ್ಲ. ಇದು ನನಗೆ ಒಪ್ಪಿಗೆ. ಸೂಚನೆ ಬರೆಯುವುದರಿಂದ ಓದುಗರಿಗೆ ಇನ್ನೊಂದು ಸತ್ಯ ಸಿಗುತ್ತದೆ.

ನೋಂದಣಿ ಪುಸ್ತಕ

ಯೂರೋಪಿನ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ‘ತಪ್ಪು ಯಾರದು’ ಎಂಬ ಪ್ರಶ್ನೆ ಅಲ್ಲಿನ ಕಾನೂನಿನ ಒಳಗೇ ಇದೆ. ಒಡೆಯನ ಕೃತ್ಯದಿಂದ ಅಥವಾ ಅವನ ನಿಷ್ಕ್ರಿಯತೆಯಿಂದ ಹೆಸರು ಸಾಮಾನ್ಯವಾದರೆ ಮಾತ್ರ ಹಕ್ಕು ರದ್ದು. 2014ರ ‘ಕಾರ್ನ್‌ಶ್ಪಿಟ್ಸ್’ ಪ್ರಕರಣದಲ್ಲಿ ಈ ಹೆಸರು ಬ್ರೆಡ್ಡಿನ ಹಿಟ್ಟು ಮಾರುವ ಕಂಪನಿಯೊಂದರದು ಎಂದು ಬೇಕರಿಯವರಿಗೆಲ್ಲ ಗೊತ್ತಿತ್ತು, ಆದರೆ ಅದು ಟ್ರೇಡ್‌ಮಾರ್ಕ್ ಎಂದು ಅವರು ಗ್ರಾಹಕರಿಗೆ ಹೇಳುತ್ತಿರಲಿಲ್ಲ. ಅಂತಿಮ ಗ್ರಾಹಕರ ತಿಳಿವಳಿಕೆಯೇ ಮುಖ್ಯ, ಮಾರುವವರಿಂದ ಹಾಗೆ ಹೇಳಿಸದೆ ಬಿಟ್ಟದ್ದೂ ನಿಷ್ಕ್ರಿಯತೆ ಆಗಬಹುದು ಎಂದು ಒಕ್ಕೂಟದ ನ್ಯಾಯಾಲಯ ಹೇಳಿತು. ಆಸ್ಟ್ರಿಯದಲ್ಲಿ ಸೋನಿಯ ‘ವಾಕ್‌ಮನ್’ 2002ರಲ್ಲಿ ಸಾಮಾನ್ಯ ಪದವೆಂದು ತೀರ್ಮಾನವಾಯಿತು.

ಭಾರತದ 1999ರ ಕಾಯ್ದೆಯ 36ನೇ ಕಲಮು ಇನ್ನೊಂದು ಕಡೆ ವಾಲುತ್ತದೆ. ಅದು ನೋಡುವುದು ಆ ಸರಕಿನ ವ್ಯಾಪಾರದಲ್ಲಿರುವವರು ಪದವನ್ನು ವಸ್ತುವಿನ ಹೆಸರಾಗಿ ಬಳಸುತ್ತಾರೆಯೇ ಎಂದು. ಜನಸಾಮಾನ್ಯರ ಮಾತೊಂದೇ ಅಲ್ಲಿ ಸಾಲದು. ಹೀಗಾಗಿ ಒಂದೇ ಹೆಸರು ಒಂದು ಗಡಿಯ ಈಚೆ ಜೀವಂತ, ಆಚೆ ಸತ್ತಿರುತ್ತದೆ. ಆಸ್ಪಿರಿನ್ ಅಮೆರಿಕದಲ್ಲಿ ಎಲ್ಲರದು, ಕೆನಡಾದಲ್ಲೂ ಜರ್ಮನಿಯಲ್ಲೂ ಬೇಯರ್‌ನದು.

ಮರಳಿಬಂದೆ

ಸತ್ತ ಹೆಸರು ಮತ್ತೆ ಬದುಕಿದ ಉದಾಹರಣೆ ಇದೆಯೇ?

ನೋಂದಣಿ ಪುಸ್ತಕ

ಇದೆ, ಬಹಳ ಅಪರೂಪ. ಸಿಂಗರ್ ಹೊಲಿಗೆಯಂತ್ರ. ಪೇಟೆಂಟುಗಳು ಮುಗಿದಮೇಲೆ 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ‘ಸಿಂಗರ್’ ಒಂದು ಬಗೆಯ ಯಂತ್ರದ ಹೆಸರಾಗಿದೆ, ಮೂಲ ಯಾವುದೆಂದು ಸ್ಪಷ್ಟಪಡಿಸಿ ಇತರರೂ ಬಳಸಬಹುದು ಎಂದಿತು. ಕಂಪನಿ ಹೆಸರನ್ನು ಬಿಡದೆ, ದಶಕಗಟ್ಟಲೆ ತನ್ನ ಸರಕಿನ ಮೇಲೆ ಮಾತ್ರ ಅದು ಕಾಣುವಂತೆ ನೋಡಿಕೊಂಡಿತು. 1953ರಲ್ಲಿ ಐದನೇ ವಲಯದ ನ್ಯಾಯಾಲಯ ಹೆಸರು ಮತ್ತೆ ಸಿಂಗರ್ ಕಂಪನಿಯದಾಗಿದೆ ಎಂದು ಒಪ್ಪಿತು. ಅದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ‘ಹೊಲಿಗೆಯಂತ್ರ’ ಎಂಬ ಸಾಮಾನ್ಯ ಹೆಸರು ಗಟ್ಟಿಯಾಗಿ ನೆಲೆಯೂರಿತ್ತು ಎಂಬುದನ್ನು ಗಮನಿಸಿ.

ಹೊಸ ಹೆಜ್ಜೆ

ಇಲ್ಲಿಯವರೆಗಿನದನ್ನೆಲ್ಲ ಎರಡು ಸಲ ಓದಿದೆ. ನಾನೂ ನನ್ನ ಸಂಗಾತಿಯೂ ಕೈಗೆ ಹಿಡಿಯುವ ಒಂದು ಹೊಸ ಬಗೆಯ ಉಪಕರಣ ಮಾಡುತ್ತಿದ್ದೇವೆ, ಅಂಥದ್ದು ಈವರೆಗೆ ಇಲ್ಲ. ಚೆಂದದ ಹೆಸರೊಂದು ಸಿಕ್ಕಿದೆ, ನಮ್ಮ ಬರಹಗಳಲ್ಲೆಲ್ಲ ಉಪಕರಣವನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದೇವೆ. ಈಗ ಏನು ಮಾಡಬೇಕು?

ನೋಂದಣಿ ಪುಸ್ತಕ

ಮೊದಲು ಆ ಉಪಕರಣಕ್ಕೆ ಇನ್ನೊಂದು ಹೆಸರು ಕೊಡಿ, ಯಾರು ಬೇಕಾದರೂ ಬಳಸಬಹುದಾದದ್ದು, ಎರಡು ಮೂರು ಪದಗಳಲ್ಲಿ ಮುಗಿಯುವಂಥದ್ದು. ಅದು ಸಲೀಸಾಗಿ ಹೇಳಲು ಬರಬೇಕು. ರಸಾಯನಶಾಸ್ತ್ರದ ಹೆಸರಿನಂತೆ ನಾಲಿಗೆ ತೊಡರಿದರೆ ಯಾರೂ ಬಳಸುವುದಿಲ್ಲ, ಆಸ್ಪಿರಿನ್ ಕಥೆಯೇ ಮರುಕಳಿಸುತ್ತದೆ. ಪೊಟ್ಟಣ, ಕೈಪಿಡಿ, ಜಾಲತಾಣ ಎಲ್ಲ ಕಡೆ ಬ್ರ್ಯಾಂಡಿನ ಹಿಂದೆಯೇ ಈ ಸಾಮಾನ್ಯ ಹೆಸರು ಬರಲಿ. ಬ್ರ್ಯಾಂಡ್ ವಿಶೇಷಣದಂತೆ ನಿಲ್ಲಲಿ, ಬಹುವಚನ ಪ್ರತ್ಯಯ ಹಚ್ಚಬೇಡಿ. ಪೇಟೆಂಟ್ ಅರ್ಜಿ ಹಾಕುವುದಿದ್ದರೆ ಅದರಲ್ಲಿ ಸಾಮಾನ್ಯ ಹೆಸರನ್ನು ಮಾತ್ರ ಬರೆಯಿರಿ. ಓಟಿಸ್ ಸಿಕ್ಕಿಬಿದ್ದದ್ದು ಅಲ್ಲೇ.

ಅಕಾರಾದಿ

ಒಂದು ಸೇರಿಸುತ್ತೇನೆ. ಆ ಸಾಮಾನ್ಯ ಹೆಸರನ್ನು ಪ್ರತಿಸ್ಪರ್ಧಿಗಳು ಬಳಸಿದಾಗ ಬೇಸರಪಡಬೇಡಿ. ಅವರೂ ಅದನ್ನೇ ಬಳಸಿದಷ್ಟೂ ನಿಮ್ಮ ಬ್ರ್ಯಾಂಡ್ ಸುರಕ್ಷಿತ. ನಿಘಂಟಿಗೆ ಬರುವ ಹೊತ್ತಿಗೆ ನಮಗೂ ದಾಖಲಿಸಲು ಸರಿಯಾದ ಪದ ಸಿಕ್ಕಿರುತ್ತದೆ.

ಹೊಸ ಹೆಜ್ಜೆ

ಕೈಪಿಡಿಯ ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ. ಇವತ್ತೇ ಕೂತು ತಿದ್ದುತ್ತೇವೆ. ಸಾಮಾನ್ಯ ಹೆಸರಿಗೆ ಮೂರು ಆಯ್ಕೆ ಹೊಳೆದಿವೆ. ಅರ್ಜಿ ಸಲ್ಲಿಸಿದ ಮೇಲೆ ಇಲ್ಲೇ ಹಾಕುತ್ತೇನೆ, ಯಾವುದು ಬಾಯಿಗೆ ಸಲೀಸು ಎಂದು ನೀವೆಲ್ಲ ಹೇಳಬೇಕು.